ನೌಬಾದದ ಸುರಂಗ ಬಾವಿಯಲ್ಲಿ ರಾ ಫೋಟೊ ಕಲಿಕೆ

ಬೀದರ್ ಊರಂಚಿನ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆ. ಜನ ಕರೆಯುವುದು ಸುರಂಗ ಬಾವಿ ಎಂದು. ಕೆಂಪು ಜಂಬಿಟ್ಟಿಗೆಯನ್ನು ಕೊರೆದು ನೆಲದಡಿಯಲ್ಲೇ ನೀರು ಹರಿಸಿದ ಕಾಲುವೆ ಅದು. ಅಲ್ಲಲ್ಲಿ ಗಾಳಿ ಬೆಳಕಿಗೆಂದು ಮೇಲಿಂದ ತೋಡಿದ ಬಾಯಿಗಳಿವೆ. ಅಂಥ ಬಾಯಿಯಿಂದ ಬಿಸಿಲು ಬಿದ್ದ ಕಡೆ ಕಣ್ಣು ಕೋರೈಸುತ್ತದೆ, ನಾಲ್ಕು ಹೆಜ್ಜೆ ಆಚೆ ಗವ್ವೆನ್ನುವ ಕತ್ತಲು. ಜೆಪೆಗ್ ಚಿತ್ರದಲ್ಲಿ ಬಿಸಿಲು ಸುಣ್ಣದ ತೇಪೆಯಾಗುತ್ತದೆ, ಗೋಡೆ ಮಸಿಯಾಗುತ್ತದೆ. ರಾ ಬೇಕಾಗುವುದು ಇಂಥಲ್ಲೇ.

ರಾ ಎಂದರೇನು?

ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಈ ಅಳತೆಗಳನ್ನು ಅಡುಗೆ ಮಾಡದೆ ಇಟ್ಟ ಕಾಳಿನಂತೆ ಉಳಿಸಿದ್ದು ರಾ. ಜೆಪೆಗ್‌ನಲ್ಲಿ ಬಣ್ಣ, ಕಾಂಟ್ರಾಸ್ಟ್ ಎಲ್ಲವನ್ನೂ ಕ್ಯಾಮೆರಾ ತಾನೇ ತೀರ್ಮಾನಿಸಿ, ಮಿಕ್ಕಿದ್ದನ್ನು ಎಸೆದಿರುತ್ತದೆ. ಅಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾನಲ್ಲಿ 16,384. ಫೈಲಿನ ಹೆಸರು ಕಂಪನಿಗೊಂದು: ಕ್ಯಾನನ್‌ಗೆ ಸಿಆರ್3, ನಿಕಾನ್‌ಗೆ ಎನ್‌ಇಎಫ್. ಫೋನಿನ ಪ್ರೊ ಮೋಡ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಡಿಎನ್‌ಜಿ. ಅಡೋಬಿ ಅದನ್ನು 2004ರಲ್ಲಿ ತಂದಿತು.

ತೆಗೆಯುವಾಗ

ಬೆಳಕಿಗೆ ಅಳತೆ ಹಿಡಿಯಿರಿ, ಕತ್ತಲನ್ನು ಆಮೇಲೆ ಎತ್ತಬಹುದು. ತುಂಬಿ ಹರಿದ ಬಿಂದುವಿನಲ್ಲಿ ವಿವರವೇ ಇರುವುದಿಲ್ಲ. ರಾ ಆದರೂ ಅದನ್ನು ಮರಳಿ ತರಲಾರದು. ನಾನು ಮೊದಲ ಸಲ ಗೋಡೆಗೆ ಅಳತೆ ಹಿಡಿದು ಬಿಸಿಲಿನ ಕೋಲನ್ನೇ ಕಳೆದುಕೊಂಡಿದ್ದೆ. ಬೆಳಕಿನ ಹಂಚಿಕೆ ತೋರುವ ಹಿಸ್ಟೊಗ್ರಾಮ್ ಬಲದಂಚನ್ನು ಮುಟ್ಟದಂತೆ ನೋಡಿಕೊಳ್ಳಿ. ಆದರೆ ಪರದೆಯ ಮೇಲಿನ ಹಿಸ್ಟೊಗ್ರಾಮ್ ಸಾಮಾನ್ಯವಾಗಿ ಜೆಪೆಗ್‌ನದೇ. ಅದು ಹೆದರಿಸುವಷ್ಟು ರಾ ಕೆಟ್ಟಿರುವುದಿಲ್ಲ. ಟ್ರೈಪಾಡ್ ಇದ್ದರೆ ಐಎಸ್‌ಒ 100 ಸಾಕು. ಆರಂಭದಲ್ಲಿ ರಾ, ಜೆಪೆಗ್ ಎರಡನ್ನೂ ಉಳಿಸಿ, ಹೋಲಿಸಿ ನೋಡಿ.

ಮನೆಗೆ ಬಂದ ಮೇಲೆ

ಡಾರ್ಕ್‌ಟೇಬಲ್, ರಾಥೆರಪಿ ಪುಕ್ಕಟೆ, ಲೈಟ್‌ರೂಮಿಗೆ ದುಡ್ಡು. ಯಾವುದರಲ್ಲೂ ಮೂಲ ಫೈಲ್ ಕೆಡುವುದಿಲ್ಲ, ತಿದ್ದುಪಡಿಗಳು ಬೇರೆಯಾಗಿ ದಾಖಲಾಗುತ್ತವೆ. ಮೊದಲು ವೈಟ್ ಬ್ಯಾಲೆನ್ಸ್ ನೋಡಿ. ಸುತ್ತ ಕೆಂಪು ಕಲ್ಲೇ ತುಂಬಿದ್ದರೆ ಆಟೊ ವ್ಯವಸ್ಥೆ ಮೋಸಹೋಗಿ ಗೋಡೆಯನ್ನು ಮಂಕು ಬೂದಿಯತ್ತ ಎಳೆದಿರುತ್ತದೆ. ರಾನಲ್ಲಿ ಅದನ್ನು ಚಿತ್ರಕ್ಕೆ ನೋವಾಗದಂತೆ ಬದಲಿಸಬಹುದು. ಬಿಸಿಲಿಗೆ 5,500 ಕೆಲ್ವಿನ್ ಆಸುಪಾಸಿನಿಂದ ಶುರುಮಾಡಿ. ಆಮೇಲೆ ಒಟ್ಟು ಬೆಳಕು, ಅನಂತರ ನೆರಳು. ಎತ್ತಿದ ನೆರಳಿನಲ್ಲಿ ಕಾಳುಕಾಳಾಗಿ ನಾಯ್ಸ್ ಏಳುತ್ತದೆ, ಅದನ್ನು ಹದವಾಗಿ ಇಳಿಸಿ.

ಬಿದ್ರಿಯ ಕಪ್ಪು

ಅದೇ ಬೀದರಿನ ಬಿದ್ರಿ ಹೂಜಿಗೆ ನೆರಳು ಎತ್ತುವ ಈ ಸೂತ್ರ ನಡೆಯದು. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಇಲ್ಲೂ ಬೆಳ್ಳಿಯ ಹೊಳಪಿಗೆ ಅಳತೆ ಹಿಡಿಯಬೇಕು, ನಿಜ. ಆದರೆ ನೆರಳಿನ ಸ್ಲೈಡರ್ ಎಳೆಯುತ್ತಾ ಹೋದಂತೆ ಹೂಜಿ ಒಲೆಯ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಕೈ ಹಿಂದೆಗೆಯಿರಿ.