ರತ್ನಗಂಬಳಿಯೊಳಗಿನ ರೇಷ್ಮೆ

ಶಹಾಬಾದಿನ ಹಾಸುಗಲ್ಲಿನ ನೆಲದ ಮೇಲೆ ಜಮಖಾನ ಬಿಚ್ಚಿ ರೇಡಿಯೋ ಮುಂದೆ ಕುಳಿತಿದ್ದೀರಿ. ಪರ್ಷಿಯ ದೇಶ ನಿಮಗೆ ದೂರವೆನಿಸಬಹುದು. ಆದರೆ 'ರೇಷ್ಮೆ' ಎಂಬ ಮಾತೇ ಫಾರಸಿಯದು. ಹಿಂದಿನ ಕನ್ನಡಿಗರು ಅದನ್ನು 'ಪಟ್ಟೆ' ಎನ್ನುತ್ತಿದ್ದರು. ಉರ್ದು ಬಲ್ಲ ಹಿರಿಯರು ರತ್ನಗಂಬಳಿಗೆ 'ಗಲೀಚಾ' ಎನ್ನುತ್ತಾರಲ್ಲವೇ? ಅದೂ ಫಾರಸಿಯೇ.

ಈ ನಂಟು ಹಳೆಯದು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ಮೊದಲು ಕಲಬುರ್ಗಿಯಿಂದಲೂ ಆಮೇಲೆ ಚಿಂಚೋಳಿಯ ಆಚೆಗಿನ ಬೀದರಿನಿಂದಲೂ ಆಳಿತು. ಇರಾನಿನ ವರ್ತಕರು, ವಿದ್ವಾಂಸರು ಈ ಆಸ್ಥಾನವನ್ನು ಹುಡುಕಿಕೊಂಡು ಬಂದರು. 1453ರಲ್ಲಿ ವ್ಯಾಪಾರಿಯಾಗಿ ಬಂದು ಮಂತ್ರಿಯಾದ ಮಹಮೂದ್ ಗವಾನ ಗಿಲಾನಿನವನು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಆ ತೇವದ ಸೀಮೆಯೇ ಇರಾನಿಗೆ ರೇಷ್ಮೆಯ ತವರು.

ಪರ್ಷಿಯದ ರತ್ನಗಂಬಳಿಯಲ್ಲಿ ರೇಷ್ಮೆಯ ಕೆಲಸವೇನು? ಮಿನುಗು ಎಂದು ನೀವು ಹೇಳಬಹುದು. ಅದು ಅರ್ಧ ಮಾತ್ರ ಸರಿ. ಮಗ್ಗದ ಹಾಸಿನ ಎರಡೆರಡು ಎಳೆಗಳಿಗೆ ಬಣ್ಣದ ನೂಲನ್ನು ಗಂಟಿಕ್ಕುತ್ತಾರೆ. ಒಂದು ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ, ಹಣಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಹಾಸಿನ ಎಳೆ ದಪ್ಪವಾದರೆ ಗಂಟೂ ದಪ್ಪ. ಹೂಬಳ್ಳಿಯ ತಿರುವು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ರೇಷ್ಮೆ ತೆಳುವಾಗಿಯೂ ಗಟ್ಟಿ. ಆದ್ದರಿಂದ ಕಣ್ಣಿಗೆ ಕಾಣದ ಹಾಸಿನಲ್ಲೇ ಅದರ ನಿಜವಾದ ದುಡಿಮೆ.

1539–40ರಲ್ಲಿ ನೇಯ್ದ ಹೆಸರಾಂತ ಅರ್ದಬೀಲ್ ರತ್ನಗಂಬಳಿಯನ್ನೇ ನೋಡಿ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದರ ಹಾಸುಹೊಕ್ಕು ರೇಷ್ಮೆ, ಮೇಲಿನ ಗಂಟು ಉಣ್ಣೆ. ಚದರ ಅಂಗುಲಕ್ಕೆ 300ಕ್ಕೂ ಮಿಕ್ಕ ಗಂಟುಗಳು! ಕಾಶಾನಿನ ನೇಕಾರರು ಗಂಟಿಗೂ ರೇಷ್ಮೆಯನ್ನೇ ಬಳಸಿದ್ದುಂಟು. ಷಾ ಅಬ್ಬಾಸನ ಕಾಲದಲ್ಲಿ ಚಿನ್ನ, ಬೆಳ್ಳಿಯ ಸರಿಗೆಯನ್ನೂ ಬೆರೆಸಿದರು. ನೋಡಲು ಸೊಗಸೇನೋ ಹೌದು. ಆದರೆ ಕಾಲ್ತುಳಿತಕ್ಕೆ ರೇಷ್ಮೆಯ ಗಂಟು ಉಣ್ಣೆಯಷ್ಟು ಬಾಳದು.

ದಖನ್ನಿನಲ್ಲಿ ಈ ಕಸುಬು ಬೇರೂರಿದ್ದು ವರಂಗಲ್ಲಿನಲ್ಲಿ. ಅಂದು ಅದೂ ನಮ್ಮ ಜಿಲ್ಲೆಯಂತೆ ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೋದ ವರಂಗಲ್ಲಿನ ರತ್ನಗಂಬಳಿಗಳಲ್ಲಿ ಚದರ ಅಡಿಗೆ ಸುಮಾರು 12,000 ಗಂಟುಗಳಿದ್ದುವು. ಜಾರ್ಜ್ ಬರ್ಡ್‌ವುಡ್ 1880ರ ತನ್ನ ಗ್ರಂಥದಲ್ಲಿ, ಅಲ್ಲಿ ರೇಷ್ಮೆಯನ್ನು ಹದವರಿತು ಬಳಸಿದವು ಇವು ಮಾತ್ರ ಎಂದು ಮೆಚ್ಚಿದ. ಅದೇ ಗ್ರಂಥದಲ್ಲಿ ಅವನ ಮರುಕವೂ ಇದೆ: ಜೈಲುಗಳಲ್ಲಿ ಅಗ್ಗಕ್ಕೆ ನೇಯಿಸಿದ ಸರಕು ಕಸುಬುದಾರರ ಅನ್ನವನ್ನು ಕಸಿಯುತ್ತಿತ್ತು. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ 1874ರಲ್ಲಿ ರೈಲು ಬಂದಿತ್ತು. ಮುಂದೆ ಅದು ವರಂಗಲ್ಲನ್ನೂ ಮುಟ್ಟಿ, ಮುಂಬಯಿ ಬಂದರು ಹತ್ತಿರವಾಯಿತು. ಗಿರಾಕಿ ಹೆಚ್ಚಿದ, ನಿಜ. ಅವನು ಕೇಳಿದ್ದು ಬೇಗ ಮುಗಿಯುವ, ಕಡಿಮೆ ಬೆಲೆಯ ಮಾಲನ್ನು. ಅಂಥವನಿಗೆ ರೇಷ್ಮೆಯ ಹಾಸು ಏತಕ್ಕೆ?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಗಲೀಚಾ ಇದ್ದರೆ ಅದರ ತುದಿಯ ಕುಚ್ಚನ್ನು ನೋಡಿ. ಕೈಮಗ್ಗದ್ದಾದರೆ ಅದು ಆಮೇಲೆ ಹೊಲಿದ ಅಲಂಕಾರವಲ್ಲ, ಹಾಸಿನ ಎಳೆಗಳೇ. ಉದುರಿದ ಒಂದು ಎಳೆಗೆ ಕಡ್ಡಿ ಗೀರಿ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಎಳೆ ನುಣುಪಾಗಿದ್ದು, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ.