ಕೊಳವೆ ಬಗ್ಗಿಸುವ ಡೈ: ಗೀರು, ಸವಕಳಿ ತಡೆಯುವ ಬಗೆ

ಕೊಳವೆ ಬಗ್ಗಿಸುವ ಡೈಯ ಮೇಲೆ ಮೂಡಿದ ಗೀರು ಅಲ್ಲಿಗೇ ಮುಗಿಯುವುದಿಲ್ಲ. ಬಳಿಕ ಅದರಲ್ಲಿ ಬಾಗುವ ಪ್ರತಿಯೊಂದು ಕೊಳವೆಯ ಮೇಲೂ ಅಚ್ಚೊತ್ತುತ್ತದೆ. ಗೇಟು, ಮಂಚ, ಮೆಟ್ಟಿಲ ಕಟಾಂಜನ, ಟ್ರ್ಯಾಕ್ಟರಿನ ಮೇಲ್ಛಾವಣಿಯ ಚೌಕಟ್ಟುಗಳನ್ನು ಮಾಡಿಕೊಡುವ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ವೆಲ್ಡಿಂಗ್ ಅಂಗಡಿಗಳಿಗೆ ಇದು ಸಣ್ಣ ನಷ್ಟವಲ್ಲ. ಗೀರುಬಿದ್ದ ಕೊಳವೆಯನ್ನು ಉಜ್ಜಿ ನಯಗೊಳಿಸಿದ ಕೂಲಿಯನ್ನು ಗಿರಾಕಿ ಕೊಡುವುದಿಲ್ಲ. ಡೈಯನ್ನು ಮತ್ತೆ ಕಡೆಸಲು ಹುಬ್ಬಳ್ಳಿಯ ಗೋಕುಲ ರಸ್ತೆಗೋ ತಾರಿಹಾಳ ಕೈಗಾರಿಕಾ ಪ್ರದೇಶಕ್ಕೋ ಒಯ್ದರೆ ಅದು ಮರಳುವವರೆಗೆ ಕೆಲಸ ನಿಂತಂತೆಯೇ.

ಡೈ ಕೆಟ್ಟಾಗ ಯಂತ್ರದ ಒತ್ತಡವನ್ನು ದೂರುವುದು ವಾಡಿಕೆ. ವಾಸ್ತವದಲ್ಲಿ ಹೆಚ್ಚಿನ ಹಾನಿಗೆ ಕಾರಣ ಅಳತೆಯ ತಪ್ಪು, ಧೂಳು ಮತ್ತು ಹೊಂದದ ಲೋಹಗಳ ಜೋಡಿ. ಮೂರನ್ನೂ ಕೊಳವೆಯನ್ನು ಯಂತ್ರಕ್ಕೆ ಏರಿಸುವ ಮುನ್ನವೇ ಸರಿಪಡಿಸಬಹುದು.

ಜಾಕ್ ಮಾದರಿಯ ಹೈಡ್ರಾಲಿಕ್ ಬೆಂಡರ್‌ನಲ್ಲಿ ಅರ್ಧವೃತ್ತದ ತೋಡುಳ್ಳ ಡೈ ಕೊಳವೆಯನ್ನು ಒಳಬದಿಯಿಂದ ಒತ್ತುತ್ತದೆ, ಹೊರಬದಿಯಲ್ಲಿ ಎರಡು ಆಸರೆಗಳು ಅದನ್ನು ತಡೆಹಿಡಿಯುತ್ತವೆ. ಡೈಯೇ ಸುತ್ತುವ ಯಂತ್ರದಲ್ಲಿ ಕೊಳವೆಯ ಒಂದು ಭಾಗವನ್ನು ಕ್ಲಾಂಪ್ ಡೈ ಬಿಗಿಹಿಡಿಯುತ್ತದೆ, ಪ್ರೆಷರ್ ಡೈ ಪಕ್ಕದಿಂದ ಆನಿಸಿಕೊಂಡಿರುತ್ತದೆ. ತೆಳು ಕೊಳವೆಯಾದರೆ ಒಳಗೆ ಮ್ಯಾಂಡ್ರೆಲ್, ಸುಕ್ಕು ತಡೆಯಲು ವೈಪರ್ ಡೈ ಬೇಕಾಗುತ್ತವೆ. ಎರಡು ಬಗೆಯಲ್ಲೂ ಗೀರು ಹುಟ್ಟುವುದು ಲೋಹದ ಮೇಲೆ ಲೋಹ ಜಾರುವ ಜಾಗದಲ್ಲಿ. ಒತ್ತಡದಲ್ಲಿ ಕೊಳವೆಯ ಮೇಲ್ಮೈ ಪದರ ಹರಿದು ಅದರ ಕಣಗಳು ಡೈಗೆ ಹತ್ತಿಕೊಳ್ಳುತ್ತವೆ. ಹತ್ತಿದ ಕಣ ಗಟ್ಟಿಯಾಗಿ ಮುಂದಿನ ಕೊಳವೆಯನ್ನು ಉಳುತ್ತದೆ, ಅದರಿಂದ ಇನ್ನಷ್ಟು ಕಣ ಸೇರಿಕೊಳ್ಳುತ್ತದೆ. ಯಂತ್ರಶಾಸ್ತ್ರದಲ್ಲಿ ಇದಕ್ಕೆ ಗಾಲಿಂಗ್ ಎಂದು ಹೆಸರು.

ಅಳತೆಯ ತಪ್ಪು ಬಹುತೇಕ ಹೆಸರಿನಿಂದಲೇ ಆರಂಭವಾಗುತ್ತದೆ. ಪೈಪಿನ ಅಳತೆ ಒಳರಂಧ್ರದ ಲೆಕ್ಕದ್ದು; ಪೀಠೋಪಕರಣದ ಟ್ಯೂಬಿನ ಅಳತೆ ಹೊರವ್ಯಾಸದ್ದು. ಭಾರತೀಯ ಮಾನಕ 1239ರ ಪ್ರಕಾರ 1 ಇಂಚಿನ ಪೈಪಿನ ಹೊರವ್ಯಾಸ ಸುಮಾರು 33.7 ಮಿ.ಮೀ.; 1 ಇಂಚಿನ ಟ್ಯೂಬಿನದು 25.4 ಮಿ.ಮೀ. ಮಾತ್ರ. ಜಾಕ್ ಬೆಂಡರ್‌ನೊಂದಿಗೆ ಬರುವ ಡೈಗಳು ಸಾಮಾನ್ಯವಾಗಿ ಪೈಪಿನ ಅಳತೆಯವು. ಅವುಗಳಲ್ಲಿ ಟ್ಯೂಬನ್ನಿಟ್ಟರೆ ಅದು ತೋಡಿನ ತಳಕ್ಕೆ ಒಂದು ಗೆರೆಯಷ್ಟೇ ತಾಗುತ್ತದೆ. ಇಡೀ ಭಾರ ಆ ಗೆರೆಯ ಮೇಲೆ ಬಿದ್ದು ಟ್ಯೂಬು ಚಪ್ಪಟೆಯಾಗುತ್ತದೆ, ಡೈ ಅಲ್ಲಿಯೇ ಸವೆಯುತ್ತದೆ. ಮುಕ್ಕಾಲು ಇಂಚಿನ ಪೈಪಿನ ಡೈ (26.9 ಮಿ.ಮೀ.) ಸರಿಹೊಂದುವಂತೆ ಕಂಡರೂ ಒಂದೂವರೆ ಮಿ.ಮೀ. ಸಡಿಲವೇ. ವರ್ನಿಯರ್ ಹಿಡಿದು ಅಳೆಯುವುದಕ್ಕೆ ಅರ್ಧ ನಿಮಿಷ ಸಾಕು. ಕ್ಲಾಂಪ್ ಸಡಿಲವಾಗಿ ಕೊಳವೆ ಜಾರಿದರೂ ಇದೇ ಗತಿ. ಹಾಗೆಂದು ಅತಿಯಾಗಿ ಬಿಗಿದರೆ ಕ್ಲಾಂಪಿನ ಅಂಚು ಕೊಳವೆಯಲ್ಲಿ ಹೂತು ಗುರುತು ಉಳಿಯುತ್ತದೆ.

ಇನ್ನು ಧೂಳು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಬೇಸಿಗೆಯ ಗಾಳಿಗೆ ಏಳುವ ಮಣ್ಣು ಗ್ರೀಸ್ ಸವರಿ ತೆರೆದಿಟ್ಟ ಡೈಯ ಮೇಲೆ ಕೂರುತ್ತದೆ. ಅದರೊಂದಿಗೆ ತುಕ್ಕು, ಗ್ರೈಂಡರ್ ಕಿಡಿಯ ಪುಡಿ, ಹಸಿ ಕೊಳವೆಯ ಕರಿಚಕ್ಕೆ ಬೆರೆತರೆ ಉಜ್ಜುವ ಲೇಪವೇ ಸಿದ್ಧ. ಕೊಳವೆ ಚಪ್ಪಟೆಯಾಗದಿರಲೆಂದು ಒಳಗೆ ಮರಳು ತುಂಬುವ ರೂಢಿಯೂ ಉಂಟು. ಉಪಾಯ ಒಳ್ಳೆಯದೇ, ಆದರೆ ಬೆಣಚಿನ ಮರಳುಕಣ ಹದಗೊಳಿಸಿದ ಉಕ್ಕಿಗಿಂತಲೂ ಕಠಿಣ. ತುದಿಯ ಬೆಣೆ ಸಡಿಲಾಗಿ ಡೈಯ ಮೇಲೆ ಉದುರಿದ ಒಂದು ಚಿಟಿಕೆ ಸಾಕು. ಪ್ರತಿ ಬಾಗಿಗೂ ಮುನ್ನ ಕೊಳವೆಯನ್ನೂ ತೋಡನ್ನೂ ಒಣಬಟ್ಟೆಯಿಂದ ಒರೆಸಬೇಕು. ಹೊಲಿಗೆಯುಳ್ಳ ಟ್ಯೂಬಿನ ಬೆಸುಗೆಗೆರೆ ಉಬ್ಬಿದ್ದರೆ ಅರದಿಂದ ತಟ್ಟು ಮಾಡಿ, ಆ ಗೆರೆ ಬಾಗಿನ ಒಳಕ್ಕಾಗಲಿ ಹೊರಕ್ಕಾಗಲಿ ಬಾರದೆ ಪಕ್ಕಕ್ಕೆ ಬರುವಂತೆ ಇಡುವುದು ಲೇಸು.

ಬಳಸಿ ಬಿಟ್ಟ ಎಂಜಿನ್ ಎಣ್ಣೆಯನ್ನು ಸವರುವುದು ಮಿತವ್ಯಯವಲ್ಲ. ಅದರಲ್ಲಿ ಮಸಿ, ಲೋಹದ ಕಣಗಳಿರುತ್ತವೆ. ಚರ್ಮಕ್ಕೂ ಅದು ಹಾನಿಕರ. ಅಧಿಕ ಒತ್ತಡಕ್ಕೆಂದೇ ಬರುವ ದಪ್ಪನೆಯ ಬೆಂಡಿಂಗ್ ಎಣ್ಣೆ ಅಥವಾ ಪೇಸ್ಟನ್ನು ಜಾರುವ ಜಾಗಕ್ಕೆ ತೆಳುವಾಗಿ ಹಚ್ಚಬೇಕು, ಕ್ಲಾಂಪ್ ಹಿಡಿಯುವ ಜಾಗಕ್ಕೆ ಹಚ್ಚಬಾರದು. ವೆಲ್ಡಿಂಗ್‌ಗೆ ಮೊದಲು ಪೂರ್ತಿ ತೊಳೆಯದಿದ್ದರೆ, ವಿಶೇಷವಾಗಿ ಕ್ಲೋರಿನ್ ಬೆರೆತ ಎಣ್ಣೆಯಾದರೆ, ವಿಷಾನಿಲ ಏಳುತ್ತದೆ.

ಸ್ಟೇನ್‌ಲೆಸ್ ಸ್ಟೀಲ್‌ನ ಕಥೆ ಬೇರೆ. ಉಕ್ಕಿನ ಡೈಗೆ ಬಲು ಬೇಗ ಹತ್ತಿಕೊಳ್ಳುವ ಲೋಹವದು. ಆದ್ದರಿಂದಲೇ ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೆ ಅಲ್ಯುಮಿನಿಯಂ ಕಂಚಿನ ಮ್ಯಾಂಡ್ರೆಲ್ ಮತ್ತು ವೈಪರ್ ಡೈ ಬಳಸುತ್ತಾರೆ. ಸಾಧಾರಣ ಉಕ್ಕಿನ ಕೊಳವೆಗೆ ಹದಗೊಳಿಸಿದ ಟೂಲ್ ಸ್ಟೀಲ್ ಸಾಕು. ಹೊಳಪಿನ ಕಟಾಂಜನಕ್ಕೆ ನೈಲಾನ್ ರೋಲರ್ ಇನ್ನೂ ಸುಲಭ. ಕಬ್ಬಿಣ ಬಗ್ಗಿಸಿದ ಡೈಯಲ್ಲೇ ಸ್ಟೇನ್‌ಲೆಸ್ ಬಗ್ಗಿಸಿದರೆ ಕಬ್ಬಿಣದ ಕಣಗಳು ಅದರ ಮೈಯಲ್ಲಿ ನೆಟ್ಟು, ಮೊದಲ ಮಳೆಗೆ ತುಕ್ಕಿನ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಗಿರಾಕಿ ಆಗ ‘ಮಾಲು ಖೋಟಾ’ ಎನ್ನುತ್ತಾನೆ, ತಪ್ಪು ಡೈಯದು.

ಡೈಗೆ ಲೋಹ ಹತ್ತಿದ್ದು ಬೆರಳಿಗೆ ತಾಗಿದೊಡನೆ ಕೆಲಸ ನಿಲ್ಲಿಸಬೇಕು. ಆಯಿಲ್ ಸ್ಟೋನ್ ಅಥವಾ ನಯವಾದ ಎಮರಿ ಕಾಗದದಿಂದ, ಕೊಳವೆ ಜಾರುವ ದಿಕ್ಕಿನಲ್ಲೇ, ಹತ್ತಿದ್ದನ್ನಷ್ಟೇ ತೆಗೆಯಬೇಕು. ಗ್ರೈಂಡರ್ ಹಚ್ಚಿದರೆ ತೋಡಿನ ಆಕಾರವೇ ಕೆಡುತ್ತದೆ. ಆಳದ ಗೀರನ್ನು ವೆಲ್ಡಿಂಗ್‌ನಿಂದ ತುಂಬುವುದೂ ಸಲ್ಲ, ಆ ಕಾವಿಗೆ ಸುತ್ತಲಿನ ಉಕ್ಕಿನ ಹದ ಇಳಿಯುತ್ತದೆ. ಮಳೆಗಾಲದ ತೇವ ಹೆಚ್ಚಿರುವ ಕಲಘಟಗಿಯ ಕಡೆ ರಾತ್ರಿ ಡೈಗಳನ್ನು ಒರೆಸಿ, ಹೊಸ ಎಣ್ಣೆ ಸವರಿ, ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಬೇಕು.