ಕಡಲು ದಾಟಿ ಬಂದ ದಂಪತಿಗಳು: ಬಾಸೆಲ್ ಮಿಷನ್ನಿನ ಮೊದಲ ದಿನಗಳು

ಪ್ರತಿ ವರ್ಷ ಜುಲೈ 1 ಬಂದರೆ ನಮ್ಮ ತಾಲ್ಲೂಕು, ಜಿಲ್ಲಾ ಪತ್ರಕರ್ತರ ಸಂಘಗಳಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಹೆಸರು ಕೇಳಿಬರುತ್ತದೆ. 1843ರ ಆ ದಿನ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಬಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ ಎಂಬ ಕಾರಣಕ್ಕೆ ಅದನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಭಾಷಣ, ಸನ್ಮಾನ, ಗ್ರೂಪ್ ಫೋಟೊ ಎಲ್ಲವೂ ಆಗುತ್ತದೆ. ನಾವೂ ಅದನ್ನು ನಾಲ್ಕು ಪ್ಯಾರಾ ಬರೆದು ಡೆಸ್ಕಿಗೆ ಕಳಿಸುತ್ತೇವೆ. ಆದರೆ ಮೋಗ್ಲಿಂಗ್ ಅವರ ಹೆಂಡತಿಯ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಉತ್ತರಿಸುವವರು ಕಡಿಮೆ.

ಧರ್ಮಸೇವೆಗೆಂದು ಗಂಡಹೆಂಡತಿ ಜೊತೆಯಾಗಿ ಪರದೇಶಕ್ಕೆ ಹೋಗುವುದು ಇಂದಿಗೂ ನಡೆದಿದೆ. ಮಕ್ಕಳು ದೊಡ್ಡವರಾಗಿ, ನೌಕರಿಯಿಂದ ನಿವೃತ್ತರಾದ ಮೇಲೆ ಒಂದೆರಡು ವರ್ಷ ಹೀಗೆ ಹೋಗಿಬರುವ ಹಿರಿಯ ದಂಪತಿಗಳಿದ್ದಾರೆ. ಅವರಿಗೆ ವಿಮಾನವಿದೆ, ಫೋನಿದೆ, ಬೇಡವೆನಿಸಿದರೆ ವಾಪಸಾಗುವ ದಾರಿಯಿದೆ. ನಮ್ಮ ಕರಾವಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಬಂದಿಳಿದ ದಂಪತಿಗಳಿಗೆ ಇದಾವುದೂ ಇರಲಿಲ್ಲ. ಅವರು ಇಲ್ಲಿ ಕಾಲಿಟ್ಟ ಮೊದಲ ದಿನಗಳಲ್ಲಿ ಏನೇನು ನಡೆಯಿತು, ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮೊದಲು ಬಂದವರು ಒಂಟಿ ಗಂಡಸರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಶುರುವಾಯಿತು. ಅದಕ್ಕೆ ಜನರೂ ಹಣವೂ ಹೆಚ್ಚಾಗಿ ಬರುತ್ತಿದ್ದುದು ಪಕ್ಕದ ಜರ್ಮನ್ ಪ್ರಾಂತ್ಯ ವ್ಯೂರ್ಟೆಂಬರ್ಗಿನ ಭಕ್ತ ಕುಟುಂಬಗಳಿಂದ. ಬ್ರಿಟಿಷರಲ್ಲದ ಮಿಷನರಿಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶದಲ್ಲಿ ಕೆಲಸ ಮಾಡಲು ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಹೊರಟರು. ಕಲ್ಲಿಕೋಟೆಯಲ್ಲಿ ಇಳಿದು 1834ರ ಅಕ್ಟೋಬರ್ 30ರಂದು ಮಂಗಳೂರು ಸೇರಿದರು.

ಅಕ್ಟೋಬರ್ ಎನ್ನುವುದನ್ನು ಗಮನಿಸಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸಣ್ಣ ಬಂದರುಗಳಿಗೆ ಹಾಯಿಹಡಗು ಬರುವಂತಿರಲಿಲ್ಲ. ಮಳೆ ಕಳೆದ ಮೇಲೆಯೇ ಹೊಸಬರು ಇಳಿಯಬೇಕು. ಕಡಲು ಶಾಂತವಾಗಿ, ಗದ್ದೆಗಳು ಹಸಿರಾಗಿರುವ ಆ ತಿಂಗಳುಗಳಲ್ಲಿ ಊರು ಚೆನ್ನಾಗಿಯೇ ಕಾಣುತ್ತದೆ. ಮಾರ್ಚ್, ಏಪ್ರಿಲಿನ ಸೆಕೆ, ಆಮೇಲಿನ ನಾಲ್ಕು ತಿಂಗಳ ಮಳೆ, ಜ್ವರ, ಭೇದಿ ಎಲ್ಲ ಅವರಿಗೆ ಗೊತ್ತಾಗುತ್ತಿದ್ದುದು ನಂತರ.

ಮೂವರೂ ಮದುವೆಯಾಗದವರು. ಅದು ಮಿಷನ್ನಿನ ನಿಯಮವೇ ಆಗಿತ್ತು.

ಮದುವೆಗೂ ಅರ್ಜಿ

ಬಾಸೆಲಿನ ಸಮಿತಿಯ ಲೆಕ್ಕಾಚಾರ ಹೀಗಿತ್ತು. ಹೊಸ ಮಿಷನರಿ ಒಂಟಿಯಾಗಿ ಹೊರಡಬೇಕು. ಭಾಷೆ ಕಲಿಯಬೇಕು, ಹವೆಗೆ ಒಗ್ಗಬೇಕು, ಕೆಲಸದಲ್ಲಿ ನಿಲ್ಲುತ್ತಾನೆ ಎಂದು ತೋರಿಸಬೇಕು. ಕನಿಷ್ಠ ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಕೋರಿ ಸಮಿತಿಗೆ ಅರ್ಜಿ ಬರೆಯಬಹುದು. ಸಮಿತಿ ಒಪ್ಪಿದರೆ ಹೆಣ್ಣು ಹುಡುಕುವ ಕೆಲಸವೂ ಬಹಳ ಸಲ ಅಲ್ಲಿಂದಲೇ ಆಗುತ್ತಿತ್ತು. ಹುಡುಗಿಯ ನಡತೆ, ಆರೋಗ್ಯ, ದೈವಭಕ್ತಿ ವಿಚಾರಿಸಿ ಅವಳನ್ನೂ ಅವಳ ತಂದೆತಾಯಿಯನ್ನೂ ಒಪ್ಪಿಸಿ ಹಡಗು ಹತ್ತಿಸುತ್ತಿದ್ದರು.

ಹೀಗೆ ಬಂದ ಎಷ್ಟೋ ಹೆಣ್ಣುಮಕ್ಕಳು ತಾವು ಮದುವೆಯಾಗುವವರ ಮುಖವನ್ನು ಮೊದಲು ನೋಡಿದ್ದು ಈ ತೀರದಲ್ಲಿ. ಇಳಿದ ಕೆಲವೇ ದಿನಗಳಲ್ಲಿ ಮದುವೆ. ಗುಣಾವಗುಣ ವಿಚಾರಿಸಿ ಹಿರಿಯರು ಕೂಡಿಸುವ ಮದುವೆ ನಮಗೇನೂ ಹೊಸದಲ್ಲ. ನಮ್ಮಲ್ಲಿ ಮನಸ್ಸು ಕೆಟ್ಟರೆ ಹೆಣ್ಣುಮಗಳು ಎರಡು ಹೊಳೆ ದಾಟಿ ತವರು ಸೇರಬಹುದಿತ್ತು. ಇವರ ತವರಿಗೆ ಆಫ್ರಿಕಾ ಸುತ್ತಿ ಹೋದರೆ ತಿಂಗಳುಗಟ್ಟಲೆ ದಾರಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ.

ಇಷ್ಟಾಗಿ ಆಕೆ ಸಂಬಳದ ನೌಕರಳಲ್ಲ. ಮಿಷನರಿ ಎಂದರೆ ಗಂಡ. ಹೆಂಡತಿ ಅವನ ‘ಸಹಾಯಕಿ’. ಶಾಲೆ ನಡೆಸಿದರೂ, ಹಾಸ್ಟೆಲ್ ನೋಡಿಕೊಂಡರೂ, ಕಾಯಿಲೆಯವರ ಆರೈಕೆ ಮಾಡಿದರೂ ಅದೆಲ್ಲ ಗಂಡನ ಕೆಲಸದ ಲೆಕ್ಕಕ್ಕೆ ಸೇರುತ್ತಿತ್ತು. ಸುದ್ದಿಗೆ ಇಷ್ಟೆಂದು ಕಾಸು ಪಡೆಯುವ, ಕಚೇರಿಯ ಪಟ್ಟಿಯಲ್ಲಿ ಹೆಸರಿಲ್ಲದ ನಮ್ಮಂಥ ಅರೆಕಾಲಿಕ ವರದಿಗಾರರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಜೂಲಿ: ಮೂರು ವರ್ಷದಲ್ಲಿ ನಾಲ್ಕು ಊರು

ಈ ನಿಯಮದ ಚೌಕಟ್ಟಿಗೆ ಹೊರಗಿನಿಂದ ಬಂದ ಒಂದು ಜೋಡಿ ಹೆರ್ಮನ್ ಗುಂಡರ್ಟ್ ಮತ್ತು ಜೂಲಿ ದ್ಯುಬುವಾ ಅವರದು. ಮಲಯಾಳಂ ನಿಘಂಟಿನಿಂದ ಗುಂಡರ್ಟ್ ಹೆಸರು ಕೇರಳದಲ್ಲಿ ಮನೆಮಾತು. ಅವರ ಸಂಸಾರದ ಮೊದಲ ತಿಂಗಳುಗಳು ಕಳೆದದ್ದು ನಮ್ಮ ಮಂಗಳೂರಿನಲ್ಲಿ.

ಜೂಲಿ ಹುಟ್ಟಿದ್ದು 1809ರಲ್ಲಿ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಸೀಮೆಯಲ್ಲಿ. ಮದುವೆಗೆಂದು ಕಳಿಸಿದ ಹುಡುಗಿ ಆಕೆಯಲ್ಲ. ಆಂಥೊನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ದಂತವೈದ್ಯ ಮಿಷನರಿಯ ತಂಡದೊಂದಿಗೆ ಮದುವೆಯಿಲ್ಲದೆ, ತನ್ನದೇ ನಿರ್ಧಾರದಿಂದ 1836ರಲ್ಲಿ ಮದ್ರಾಸಿಗೆ ಬಂದವರು. ಅದೇ ಹಡಗಿನಲ್ಲಿ ಗುಂಡರ್ಟ್ ಕೂಡ ಇದ್ದರು. 1838ರ ಜುಲೈನಲ್ಲಿ ಇಬ್ಬರ ಮದುವೆಯಾಯಿತು. ವಧುವಿಗೆ 28 ವರ್ಷ, ವರನಿಗೆ 24. ಆ ಕಾಲಕ್ಕೆ ಎರಡೂ ಕಡೆಯವರು ಹುಬ್ಬೇರಿಸುವಂಥ ಜೋಡಿ.

ಅದೇ ವರ್ಷದ ಕೊನೆಗೆ ಅವರು ಗ್ರೋವ್ಸ್ ತಂಡ ಬಿಟ್ಟು ಪಶ್ಚಿಮ ಕರಾವಳಿಗೆ ಬಂದು ಬಾಸೆಲ್ ಮಿಷನ್ ಸೇರಿದರು. ಅಲ್ಲಿಯವರೆಗೆ ಕಿವಿಗೆ ಬಿದ್ದದ್ದು ತಮಿಳು, ತೆಲುಗು. ಮಂಗಳೂರಿನಲ್ಲಿ ಇಳಿದರೆ ಕಚೇರಿಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ. ಹೊರಗಿನಿಂದ ಬರುವವರನ್ನು ಈ ಊರು ಇಂದಿಗೂ ಹೀಗೇ ಗಲಿಬಿಲಿಗೊಳಿಸುತ್ತದೆ. ಮಿಷನ್ನಿನವರಿಗೂ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ಕನ್ನಡ ಓದುಬರಹದ ಭಾಷೆ, ಮನೆಯೊಳಗಿನ ಭಾಷೆ ತುಳು. ಗ್ರೈನರ್ ಅವರು ತುಳುವಿಗೆ ಬೈಬಲಿನ ಹೊಸ ಒಡಂಬಡಿಕೆಯನ್ನು ಅನುವಾದಿಸಿದ್ದು ಇದೇ ಕಾರಣಕ್ಕೆ.

ಗಂಡನಿಗೆ ಭಾಷೆ ಕಲಿಸಲು ಮುನ್ಶಿ ಬರುತ್ತಿದ್ದರು. ಹೆಂಡತಿ ಭಾಷೆ ಕಲಿಯಬೇಕಾದದ್ದು ಅಡುಗೆಯವರಿಂದ, ಆಯಾಗಳಿಂದ, ಬಾವಿಕಟ್ಟೆಯಿಂದ. ಗಂಡ ತಪ್ಪು ಮಾತಾಡಿದರೆ ಒಂದು ವಾಕ್ಯ ತಪ್ಪುತ್ತದೆ. ಹೆಂಡತಿ ತಪ್ಪಿದರೆ ಅಂದಿನ ಊಟ ತಪ್ಪುತ್ತದೆ, ಇಲ್ಲವೇ ಜ್ವರದ ಮಗುವಿಗೆ ಮದ್ದು ತಪ್ಪುತ್ತದೆ.

ಹೀಗೆ ಕನ್ನಡ, ತುಳು ಕಿವಿಗೆ ಹತ್ತುವಷ್ಟರಲ್ಲಿ ಮತ್ತೆ ಗಂಟುಮೂಟೆ. 1839ರ ಏಪ್ರಿಲಿನಲ್ಲಿ ದಂಪತಿ ತಲಶ್ಶೇರಿಯ ಇಲ್ಲಿಕ್ಕುನ್ನಿನ ಬಂಗಲೆಗೆ ಹೋದರು. ಅಲ್ಲಿ ಮಲಯಾಳಂ. ಜೂಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದರು. ಗುಂಡರ್ಟ್ ವ್ಯಾಕರಣ, ನಿಘಂಟಿನ ಕೆಲಸಕ್ಕೆ ಕುಳಿತರು. 1847ರಲ್ಲಿ ಅದೇ ಬಂಗಲೆಯಿಂದ ಮಲಯಾಳಂನ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರಟಿತು. ಮನೆಯ ಒಂದು ಕಡೆ ಪತ್ರಿಕೆ, ಇನ್ನೊಂದು ಕಡೆ ಶಾಲೆ. ಇತಿಹಾಸದ ಪುಸ್ತಕಗಳು ಪತ್ರಿಕೆಯ ಕಡೆಗೇ ಹೆಚ್ಚು ಸಲ ಹೋಗಿಬಂದಿವೆ.

ನಡುವಯಸ್ಸಿನ ಒಂದು ಮದುವೆ

ಈಗ ಮೊದಲ ಪ್ರಶ್ನೆಗೆ ಬರೋಣ. ಮೋಗ್ಲಿಂಗ್ 1811ರಲ್ಲಿ ಹುಟ್ಟಿ 1836ರಲ್ಲಿ ಮಂಗಳೂರಿಗೆ ಬಂದವರು. ಶಾಲೆ, ಪತ್ರಿಕೆ, ಹಳಗನ್ನಡ, ನಡುಗನ್ನಡದ ಕೃತಿಗಳನ್ನು ಮುದ್ರಿಸಿದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಎಂದು ಎರಡು ದಶಕ ಒಂಟಿಯಾಗಿಯೇ ದುಡಿದರು. ಗಾಟ್‌ಫ್ರೀಡ್ ವೈಗ್ಲೆ ಎಂಬ ಅವರ ಸಂಬಂಧಿ ಮತ್ತು ಗೆಳೆಯ ಕೂಡ ಇದೇ ಮಿಷನ್ನಿನಲ್ಲಿದ್ದರು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದ್ದರು. ವೈಗ್ಲೆಯವರ ಹೆಂಡತಿ ಪೌಲೀನ. 1855ರಲ್ಲಿ ವೈಗ್ಲೆ ತೀರಿಕೊಂಡರು. ಮರುವರ್ಷ ಮೋಗ್ಲಿಂಗ್ ಮತ್ತು ಪೌಲೀನ ಮದುವೆಯಾದರು.

ಆ ಹೊತ್ತಿಗೆ ಮೋಗ್ಲಿಂಗ್ ಅವರಿಗೆ 45 ವರ್ಷ. ಕೊಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಇವರ ಮೊದಲ ವಾರಗಳು ಹೊಸಬರ ವಾರಗಳಲ್ಲ. ಇಬ್ಬರಿಗೂ ಭಾಷೆ ಗೊತ್ತು, ಮಳೆ ಗೊತ್ತು, ಇಲ್ಲಿನ ಸಾವೂ ಗೊತ್ತು. ಪೌಲೀನ ಅವರಿಗೆ ಮಿಷನ್ ಮನೆ ಎಂದರೆ ಏನೆಂದು ಒಮ್ಮೆ ಪೂರ್ತಿ ಅನುಭವವಾಗಿತ್ತು. ಗೊತ್ತಿದ್ದೂ ಮತ್ತೆ ಅದೇ ಬದುಕಿಗೆ ಬಂದರು. ಗೊತ್ತಿಲ್ಲದೆ ಬರುವುದಕ್ಕಿಂತ ಇದು ದೊಡ್ಡ ಧೈರ್ಯ ಎಂದು ನಮಗೆ ಅನಿಸುತ್ತದೆ. 1860ರಲ್ಲಿ ದಂಪತಿ ಜರ್ಮನಿಗೆ ಮರಳಿದರು.

ಇಂಥ ಸಾವು ಅಪರೂಪವಾಗಿರಲಿಲ್ಲ. ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್ 1860ರಲ್ಲಿ ಮದುವೆಯಾದರು. ಅವರ ಹೆಂಡತಿಯ ಹೆಸರೂ ಪೌಲೀನ. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡರು. ಕಿಟ್ಟೆಲ್ ಆಮೇಲೆ ಆಕೆಯ ಸೋದರಿಯನ್ನೇ ಮದುವೆಯಾದರು. 1894ರಲ್ಲಿ ಪ್ರಕಟವಾದ ಆ ನಿಘಂಟನ್ನು ಇಂದಿಗೂ ತೆರೆಯುವ ನಾವು ಅದರ ಹಿಂದಿನ ಈ ಸಂಸಾರವನ್ನು ನೆನೆದದ್ದು ಕಡಿಮೆ.

ಮಕ್ಕಳನ್ನು ಬಿಟ್ಟು

ಮಿಷನ್ ದಂಪತಿಗಳು ತೆತ್ತ ದೊಡ್ಡ ಬೆಲೆ ಮೊದಲ ವಾರಗಳದ್ದಲ್ಲ, ಮಕ್ಕಳಾದ ಮೇಲಿನದು. ಓದುವ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಬೇಕು ಎಂಬುದು ರೂಢಿ. ಬಾಸೆಲಿನಲ್ಲಿ ಇವರಿಗೆಂದೇ ಮಕ್ಕಳ ಮನೆ ತೆರೆಯಿತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದರೆ ಮತ್ತೆ ನೋಡುವುದು ಎಷ್ಟೋ ವರ್ಷಕ್ಕೆ.

ಗುಂಡರ್ಟ್ ದಂಪತಿಯ ಮಗಳು ಮೇರಿ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು. ತಂದೆತಾಯಿ 1840ರ ದಶಕದ ನಡುವೆ ಊರಿಗೆ ಹೋದಾಗ ಅವಳನ್ನು ಅಲ್ಲಿಯೇ ಬಿಟ್ಟು ಬಂದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದು ವರ್ಷದ ಹುಡುಗಿಯಾಗಿ. ಹೆತ್ತವರ ಪರಿಚಯವನ್ನು ಅವಳು ಹೊಸದಾಗಿಯೇ ಮಾಡಿಕೊಳ್ಳಬೇಕಿತ್ತು. ಮುಂದೆ ಇದೇ ಮೇರಿ, ಮಂಗಳೂರಿನಲ್ಲಿ ಕೆಲಕಾಲ ಮಿಷನರಿಯಾಗಿದ್ದ ಯೋಹಾನ್ನೆಸ್ ಹೆಸ್ಸೆಯನ್ನು ಮದುವೆಯಾದರು. ‘ಸಿದ್ಧಾರ್ಥ’ ಕಾದಂಬರಿಯ ಹರ್ಮನ್ ಹೆಸ್ಸೆ ಅವರ ಮಗ.

ಹೊಸ್ತಿಲಿನ ಆಚೆ, ಈಚೆ

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಒಂದೇ ಕಡೆಯದಾಗುತ್ತದೆ. ಈ ದಂಪತಿಗಳು ಬಂದದ್ದು ಮತಾಂತರದ ಕೆಲಸಕ್ಕೆ. ಅದರ ಬೆಲೆಯನ್ನು ಇಲ್ಲಿನ ಮನೆಗಳೂ ತೆತ್ತಿವೆ. ಮತ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ಉಳಿಯುತ್ತದೆ ಎಂಬ ಕಾಯ್ದೆ ಬಂದದ್ದೇ 1850ರಲ್ಲಿ. ಅದಕ್ಕೂ ಮೊದಲು ಹೊರಟವರು ಮನೆ, ಜಾತಿ, ಆಸ್ತಿ ಎಲ್ಲವನ್ನೂ ಬಿಟ್ಟೇ ಹೊರಡಬೇಕಿತ್ತು. ಅಂಥವರಿಗೆ ಅನ್ನದ ದಾರಿ ಬೇಕೆಂದೂ ಮಿಷನ್ ನೇಯ್ಗೆಯ ಮಗ್ಗ, ಹಂಚಿನ ಕಾರ್ಖಾನೆ ಹಾಕಿತು. ನಮ್ಮ ಹಳೆಯ ಮನೆಗಳ ಮಂಗಳೂರು ಹಂಚಿನ ಹಿಂದೆ ಈ ಕತೆಯೂ ಇದೆ.

ಆನಂದರಾವ್ ಕೌಂಡಿನ್ಯ ಮಂಗಳೂರಿನ ಬ್ರಾಹ್ಮಣ ಯುವಕ. 1844ರ ಜನವರಿಯಲ್ಲಿ ಕ್ರೈಸ್ತರಾದಾಗ ಊರೇ ಕಲಕಿಹೋಯಿತು. ಅವರಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಅವರ ಜೊತೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲಿಗೆ ಹೋದ ಕೌಂಡಿನ್ಯ ಅಲ್ಲಿ ಓದಿ ದೀಕ್ಷೆ ಪಡೆದು ಮಿಷನರಿಯಾಗಿ ಮರಳಿದರು. 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳು ಅವರನ್ನು ಮದುವೆಯಾಗಲು ಕಡಲು ದಾಟಿ ಬಂದರು. ಯುರೋಪಿನ ಗಂಡಸು ಇಲ್ಲಿನ ಹೆಣ್ಣನ್ನು ಇಟ್ಟುಕೊಳ್ಳುವುದು ಕಂಪನಿ ಕಾಲದಲ್ಲಿ ಸಾಮಾನ್ಯವಾಗಿದ್ದಾಗ, ಒಬ್ಬ ಯುರೋಪಿಯನ್ ಹೆಣ್ಣು ಇಲ್ಲಿಯ ಗಂಡಸಿನ ಧರ್ಮಪತ್ನಿಯಾಗಿ ಬಂದದ್ದು ಎರಡೂ ಸಮಾಜಗಳಿಗೆ ದೊಡ್ಡ ಮಾತು.

ಮೇರಿ ಅವರ ಧೈರ್ಯದ ಬಗ್ಗೆ ಮಿಷನ್ನಿನ ಕಡೆಯವರು ಬರೆದಿದ್ದಾರೆ. ಇತ್ತ ಮಂಗಳೂರಿನಲ್ಲಿ, ಗಂಡ ಬದುಕಿರುವಾಗಲೇ ಅವನಿಲ್ಲದಂತೆ ಬಾಳಬೇಕಾದ ಆ ಮೊದಲ ಹೆಂಡತಿಯ ದಿನಗಳೂ ಇದೇ ಇತಿಹಾಸದ ಭಾಗ. ಕಡಲು ದಾಟಿ ಬಂದವಳನ್ನು ಹೇಗೋ ಹಾಗೆಯೇ ಹೊಸ್ತಿಲು ದಾಟದೆ ಉಳಿದವಳನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಊರುಗಳಲ್ಲಿ ಈ ಕಾಲದ ಗುರುತುಗಳು ಇನ್ನೂ ಇವೆ. ಮಂಗಳೂರಿನ ಬಲ್ಮಠದಲ್ಲಿ ಹಳೆಯ ದಾಖಲೆಗಳಿವೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗಿನಲ್ಲಿ ಮಿಷನ್ ಶಾಲೆಗಳು, ಚರ್ಚುಗಳು, ಸಮಾಧಿಗಳಿವೆ. ಶತಮಾನೋತ್ಸವದ ವರದಿಗೆ ಹೋದಾಗ ಸಂಸ್ಥಾಪಕರ ಹೆಸರು, ಇಸವಿ ಬರೆದುಕೊಂಡು ಹೊರಡುವುದು ನಮ್ಮ ರೂಢಿ. ಇನ್ನು ಮುಂದೆ ಎರಡು ಪ್ರಶ್ನೆ ಹೆಚ್ಚು ಕೇಳೋಣ: ಇಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲಿದೆ? ಉತ್ತರ ಸಿಗದಿದ್ದರೂ ಪ್ರಶ್ನೆಯನ್ನಾದರೂ ವರದಿಯಲ್ಲಿ ಬರೆಯೋಣ. ಮುಂದೆ ಓದುವ ಯಾರಾದರೂ ಅದನ್ನು ಹಿಡಿದು ಹುಡುಕಬಹುದು.